ಪ್ಯಾಟರ್ನ್ ವಿಜಯಕುಮಾರರ ಬಾಗಿಲ ಸಂದು

"ಇದು ನನ್ನ ಗಂಡ ಅಲ್ಲ" ಅಂದಳು ಜಗದಾಂಬಾ.

ಶ್ರೀಗೌರಿ ಓದುತ್ತಿದ್ದ ಹಾಳೆ ಕೆಳಗಿಳಿಸಿದಳು. ಭದ್ರಾವತಿಯ ಸಮುದಾಯ ಭವನದಲ್ಲಿ ಆ ಭಾನುವಾರ ಕೂತಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು. ಪಕ್ಕದಲ್ಲಿದ್ದ ಮಗ ಜ್ಞಾನೇಶ್ ಮೆಲ್ಲಗೆ ತಾಯಿಯ ಸೆರಗು ಜಗ್ಗಿದ.

ಶ್ರೀಗೌರಿ ಲೇಖಕಿ, ಮೈಸೂರಿನ ಕಡೆಯವಳು. ಒಂದು ಟ್ರಸ್ಟಿನವರು ಅವಳನ್ನು ಕರೆಸಿ, ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಮನೆ ಕೊಟ್ಟು, ಕೆಲವು ತಿಂಗಳು ಇಲ್ಲೇ ಇದ್ದು ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಇತಿಹಾಸ ಬರೀರಿ ಅಂದಿದ್ದರು. ರಾಜರದ್ದಲ್ಲ, ಕೋಟೆಯದ್ದೂ ಅಲ್ಲ. ಇಲ್ಲಿ ದುಡಿದು ಬದುಕಿದವರದ್ದು. ಅದನ್ನೂ ಒಬ್ಬಳೇ ಕೂತು ಬರೆಯೋ ಹಾಗಿಲ್ಲ, ಊರಿನವರ ಜೊತೆ ಕೂತೇ ಬರೆಯಬೇಕು. ಅದಕ್ಕೇ ಅವಳು ಒಂದು ವಾರ ಶಿವಮೊಗ್ಗದಲ್ಲಿ, ಒಂದು ವಾರ ಭದ್ರಾವತಿಯಲ್ಲಿ ಜನ ಸೇರಿಸುತ್ತಿದ್ದಳು. ಕೊನೆಯ ಭಾನುವಾರ ಎಲ್ಲರೂ ಒಟ್ಟಿಗೆ ಬೀದಿ ಬೀದಿ ನಡೆದು, ಯಾರ ಕಥೆಯೋ ಅವರ ಮನೆಯ ಮುಂದೆಯೇ ನಿಂತು ಓದುವುದು ಅಂತ ಗೊತ್ತಾಗಿತ್ತು. ಆಮೇಲೆ ಪುಸ್ತಕ.

ಜಗದಾಂಬಾಳ ಗಂಡ ವಿಜಯಕುಮಾರರ ಕಥೆಯನ್ನು ಶ್ರೀಗೌರಿಗೆ ಹೇಳಿದವನು ಜ್ಞಾನೇಶ್. ಅವಳು ಅದನ್ನೇ ಚೆಂದ ಮಾಡಿ ಬರೆದಿದ್ದಳು. ಮಿತಭಾಷಿ. ಕೋಪ ಅರಿಯದವರು. ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪದ ಕೈ. ದೇವರಂಥ ಮನುಷ್ಯ.

"ಯಾವುದು ಸರಿ ಇಲ್ಲ, ಹೇಳಿ ಅಮ್ಮ" ಅಂದಳು ಶ್ರೀಗೌರಿ.

"ಮಾತು ಕಡಿಮೆಯಂತೆ. ಆ ಮನುಷ್ಯ ನಿದ್ದೆಯಲ್ಲೂ ಮಾತಾಡ್ತಿದ್ರು."

ಹಿಂದೆ ಕೂತಿದ್ದ ಪಕ್ಕದ ಮನೆಯ ಧನಲಕ್ಷ್ಮಿ ಕಿಸಕ್ಕನೆ ನಕ್ಕಳು. ಅವಳ ಮಾವ ಕಾರ್ಖಾನೆ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಜಗದಾಂಬಾಳನ್ನು ಈ ಸಭೆಗೆ ಎಳೆದುಕೊಂಡು ಬಂದವಳೂ ಅವಳೇ.

"ಕೋಪ ಇಲ್ಲವಂತೆ. ಸಾರಿಗೆ ಉಪ್ಪು ಕಡಿಮೆಯಾದ್ರೆ ಮಾತ್ರ ಮಾತು ನಿಲ್ಲೋದು. ಉಪ್ಪಿನ ಡಬ್ಬ ತಂದು ನನ್ನ ತಟ್ಟೆ ಪಕ್ಕ ಟಕ್ಕಂತ ಇಡೋರು. ಅದು ಕೋಪ ಅಲ್ವಾ? ಇನ್ನು ಕೂದಲೆಳೆ. ಮೇಡಂ, ನೀವು ನಮ್ಮ ಮನೆ ಬಾಗಿಲು ನೋಡಿದೀರಾ?"

"ಅಮ್ಮ, ಸುಮ್ನಿರು" ಅಂದ ಜ್ಞಾನೇಶ್. ಈ ಸಲ ಮೆಲ್ಲಗೆ ಅನ್ನಲಿಲ್ಲ.

"ನಾನೇ ಬರೀತೀನಿ" ಅಂದಳು ಜಗದಾಂಬಾ.

ಶ್ರೀಗೌರಿ ತಾಯಿಯನ್ನು ನೋಡಿದಳು, ಮಗನನ್ನು ನೋಡಿದಳು. "ಬರೀರಿ. ನೀವು ಬರೆದದ್ದು ಒಂದಕ್ಷರ ತಿದ್ದಲ್ಲ. ಆದರೆ ಒಬ್ಬರ ಬಗ್ಗೆ ಎರಡು ಕಥೆ ಹಾಕೋಕೆ ಪುಸ್ತಕದಲ್ಲಿ ಜಾಗ ಇಲ್ಲ. ನೀವು ತಾಯಿ ಮಗ ಮಾತಾಡ್ಕೊಂಡು ಒಂದು ಕೊಡಿ."

ಮನೆಗೆ ವಾಪಸ್ ಬರುವಾಗ ಜ್ಞಾನೇಶ್ ದಾರಿಯುದ್ದಕ್ಕೂ ತಾಯಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದ. ಅವನು ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಪ್ರೊಫೆಸರುಗಳೂ ಕೊನೆಯ ಭಾನುವಾರ ಬರುವವರಿದ್ದರು. ಗೇಟಿನ ಹತ್ತಿರ ಬಂದ ಮೇಲೆ ಅಂದ, "ಅಪ್ಪ ಎಷ್ಟು ಒಳ್ಳೆ ಕೆಲಸಗಾರ ಅಂತ ಊರಿಗೆಲ್ಲ ಗೊತ್ತು. ನೀನು ಆ ಬಾಗಿಲಿನ ವಿಷಯ ತೆಗೆದ್ರೆ ಅದೊಂದೇ ನೆನಪಿಟ್ಕೋತಾರೆ. ಪುಸ್ತಕದಲ್ಲಿ ಹಾಗೇ ಉಳಿದುಬಿಡುತ್ತೆ."

"ಉಳೀಲಿ ಅಂತಾನೇ ಬರೆಯೋದು."

"ಸತ್ತವರ ತಪ್ಪು ಎತ್ತಾಡ್ತಾರೇನಮ್ಮ?"

ಅವಳು ಗೇಟು ತೆಗೆದಳು. ಒಳಗೆ ಹೋಗಿ ಅನ್ನಕ್ಕಿಟ್ಟಳು.

ಜಗದಾಂಬಾ ಹುಟ್ಟಿದ್ದು ಮಲವಗೊಪ್ಪದಲ್ಲಿ. ಅಪ್ಪನಿಗೆ ಕಬ್ಬಿನ ಗದ್ದೆಯಿತ್ತು. ನಾಲ್ಕನೇ ಕ್ಲಾಸಿಗೇ ಅವಳನ್ನು ಶಾಲೆ ಬಿಡಿಸಿದರು. ಬೆನ್ನ ಹಿಂದೆ ಹುಟ್ಟಿದವರನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಅತ್ತಳು. ಯಾರೂ ಕೇಳಲಿಲ್ಲ. ಆಮೇಲೆ ಹೊಲಿಗೆ ಕಲಿತಳು. ರವಿಕೆ ಹೊಲಿಯುವುದರಲ್ಲಿ ಅವಳ ಕೈ ಚೆನ್ನಾಗಿ ಕೂತಿತು.

ವಿಜಯಕುಮಾರ್ ಹೆಣ್ಣು ನೋಡಲು ಬಂದ ದಿನ ಹೆಣ್ಣನ್ನು ನೋಡಲಿಲ್ಲ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಬಾಗಿಲು ನೋಡಿದರು. "ಇದನ್ನ ಯಾರು ಮಾಡಿದ್ದು? ಎಡಕ್ಕೆ ವಾಲಿದೆಯಲ್ಲ" ಅಂದರು. ಅದನ್ನು ಮಾಡಿಸಿದ್ದು ಜಗದಾಂಬಾಳ ಅಜ್ಜ. ಅಪ್ಪನಿಗೆ ಮೈಯೆಲ್ಲ ಉರಿಯಿತು. ಒಳಗೆ ನಿಂತಿದ್ದ ಹುಡುಗಿಗೆ ನಗು ತಡೆಯಲಾಗಲಿಲ್ಲ. ನಕ್ಕ ಸದ್ದು ಹೊರಗೆ ಕೇಳಿಸಿತು. ಮದುವೆ ಆಯಿತು.

ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡುವವರು. ಕಬ್ಬಿಣದಲ್ಲಿ ಯಾವ ಸಾಮಾನು ಎರಕ ಹುಯ್ಯಬೇಕಿದ್ದರೂ ಅದನ್ನು ಮೊದಲು ಮರದಲ್ಲಿ ಮಾಡಬೇಕು. ಮರದ್ದನ್ನು ಮರಳಲ್ಲಿ ಒತ್ತಿ ತೆಗೆದರೆ ಗುಂಡಿ ಬೀಳುತ್ತದೆ. ಆ ಗುಂಡಿಗೆ ಕರಗಿದ ಕಬ್ಬಿಣ ಹುಯ್ಯುತ್ತಾರೆ. ಆ ಮರದ ಸಾಮಾನೇ ಪ್ಯಾಟರ್ನ್. ಮದುವೆಯಾದ ಹೊಸತರಲ್ಲಿ ಅವರು ಹೆಂಡತಿಗೆ ಒಂದು ಸ್ಕೇಲು ತೋರಿಸಿದರು. ಗೆರೆ, ಅಂಕಿ ಎಲ್ಲ ಬಜಾರಿನ ಸ್ಕೇಲಿನ ಹಾಗೇ ಇತ್ತು.

"ಇದರಲ್ಲೊಂದು ಗುಟ್ಟಿದೆ. ಏನು ಹೇಳು ನೋಡೋಣ."

ಅವಳು ತನ್ನ ಹೊಲಿಗೆ ಟೇಪು ಪಕ್ಕಕ್ಕಿಟ್ಟು ನೋಡಿದಳು. "ನಿಮ್ಮ ಅಡಿ ಒಂದು ನೂಲು ದೊಡ್ಡದಿದೆ."

ಮರಗೆಲಸದವರ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಪಾಲು ಒಂದು ನೂಲು.

"ಕಾದ ಕಬ್ಬಿಣ ಆರಿದ್ಮೇಲೆ ಕುಗ್ಗುತ್ತೆ ಮಾರಾಯ್ತಿ. ಅಡಿಗೆ ಒಂದು ನೂಲು. ಅದಕ್ಕೇ ಮರದ್ದನ್ನ ಮೊದಲೇ ಅಷ್ಟು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂತ್ರೆ ಆಗುತ್ತಾ? ಅದಕ್ಕೆ ಸ್ಕೇಲೇ ಹಾಗೆ ಮಾಡಿರ್ತಾರೆ."

"ಅಷ್ಟೇನಾ? ನಾನು ಲೈನಿಂಗ್ ಬಟ್ಟೆ ನೆನೆಸಿ ಒಣಗಿಸಿ ಹೊಲಿಯಲ್ವಾ? ಒಗೆದ್ಮೇಲೆ ಕುಗ್ಗುತ್ತೆ ಅಂತ. ಅದೂ ಇದೂ ಒಂದೇ."

ವಿಜಯಕುಮಾರ್ ಅದನ್ನು ಮಾರನೇ ದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿ ಬಂದರು. ನಿವೃತ್ತಿ ಆಗುವವರೆಗೂ ಹೇಳಿದರು. ನನ್ನ ಹೆಂಡತಿಗೆ ಒಂದೇ ಮಾತಿಗೆ ಗೊತ್ತಾಯ್ತು, ನಿಮಗೆ ವರ್ಷ ಬೇಕಾಯ್ತು ಅಂತ.

ಪ್ಯಾಟರ್ನ್ ಶಾಪಿನಲ್ಲಿ ಒಂದು ಕಟ್ಟುಪಾಡು ಇತ್ತು. ಅಲ್ಲಿಯ ಸ್ಕೇಲನ್ನೂ ಹೊರಗಿನ ಸ್ಕೇಲನ್ನೂ ಒಂದೇ ಡ್ರಾಯರಿನಲ್ಲಿ ಇಡಬಾರದು. ಕೈ ತಪ್ಪಿ ಒಂದರ ಬದಲು ಇನ್ನೊಂದು ಬಂದರೆ ಮಾಡಿದ್ದೆಲ್ಲ ಹಾಳು. ಹೊಸಬರಿಗೆ ಮೊದಲ ದಿನ ಇದನ್ನೇ ಹೇಳಿಕೊಡುತ್ತಿದ್ದರು. ಹೇಳಿಕೊಡುತ್ತಿದ್ದವರು ವಿಜಯಕುಮಾರ್.

ಸೈಟು ತೆಗೆದುಕೊಂಡು ಮನೆ ಕಟ್ಟಿಸುವಾಗ ಗೋಡೆ ಗಾರೆಯವನದ್ದು, ಮುಂಬಾಗಿಲ ಚೌಕಟ್ಟು ಮಾತ್ರ ನನ್ನದೇ ಅಂದರು. ರಜೆಯ ದಿನ ಸೈಟಿನಲ್ಲೇ ಮರ ಹರಡಿಕೊಂಡು ಕೂತರು. ಕದ ಮಾಡಲು ಶಿವಮೊಗ್ಗದ ಬಡಗಿಗೆ ಮೊದಲೇ ಅಳತೆ ಬರೆದು ಕೊಟ್ಟಿದ್ದರು. ಆರೂವರೆ ಅಡಿ ಎತ್ತರ, ಮೂರಡಿ ಅಗಲ. ಅವತ್ತು ಟೇಪು ಗಾರೆಯವನ ಕೈಯಲ್ಲಿತ್ತು. ವಿಜಯಕುಮಾರ್ ಹಿಂದಿನ ಜೇಬಿಗೆ ಕೈ ಹಾಕಿದರು. ದಿನಾ ಹಾಕುವ ಹಾಗೆ ಹಾಕಿದರು. ಜೇಬಿನಲ್ಲಿದ್ದದ್ದು ಯಾವ ಸ್ಕೇಲು ಅಂತ ನೋಡಲಿಲ್ಲ.

ಚೌಕಟ್ಟು ಎದ್ದು ನಿಂತಿತು. ಅಯ್ಯನವರು ಬಂದು ವಿಭೂತಿ ಹಚ್ಚಿ ಪೂಜೆ ಮಾಡಿದರು. ಹೊಸ್ತಿಲಿಗೆ ಅರಿಶಿನ ಕುಂಕುಮ, ಮೇಲೆ ಹಳದಿ ಬಟ್ಟೆಯಲ್ಲಿ ನವಧಾನ್ಯದ ಗಂಟು. ಗೋಡೆ ಬಂದು ಎರಡು ಕಡೆಯೂ ಕಚ್ಚಿಕೊಂಡಿತು. ಆಮೇಲೆ ಶಿವಮೊಗ್ಗದಿಂದ ಕದ ಬಂತು. ನಿಲ್ಲಿಸಿ ನೋಡಿದರೆ ಮೇಲ್ಗಡೆ ಬೆರಳು ತೂರುವಷ್ಟು ಸಂದು. ಪಕ್ಕದಲ್ಲೂ ಗಾಳಿ ನುಗ್ಗುವಷ್ಟು.

ವಿಜಯಕುಮಾರ್ ಮೊದಲು ಬಡಗಿಗೆ ಬೈದರು. ಬಡಗಿ ಟೇಪು ಹಿಡಿದು ತೋರಿಸಿದ. ಆರೂವರೆ, ಮೂರು, ಸರಿಯಾಗಿತ್ತು. ಆಗ ವಿಜಯಕುಮಾರ್ ಜೇಬಿನಿಂದ ಸ್ಕೇಲು ತೆಗೆದು ನೋಡಿದರು. ಹಾಗೇ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟರು. ಜಗದಾಂಬಾಗೆ ಹೆದರಿಕೆಯಾಯಿತು. ಹತ್ತಿರ ಹೋಗಿ ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಏನ್ರೀ ಮಾಡೋದು ಈಗ?" ಅಂದಳು.

"ಆರಲಿ ಬಿಡು. ಆರಿದ್ಮೇಲೆ ಸರಿಹೋಗುತ್ತೆ" ಅಂದರು.

ಪೂಜೆ ಆದ ಚೌಕಟ್ಟು ಕೀಳುವ ಹಾಗಿಲ್ಲ. ಬೇರೆ ಕದ ನಾನೇ ಮಾಡ್ತೀನಿ ಅಂದವರು ಮಾಡಲೇ ಇಲ್ಲ. ಅವರೇ ಕರೆದರು ಅಂತ ಪ್ಯಾಟರ್ನ್ ಶಾಪಿನವರು ಗುಂಪು ಕಟ್ಟಿಕೊಂಡು ನೋಡಲು ಬಂದರು. "ಏನ್ ವಿಜಯಣ್ಣ, ಮನೆ ಎರಕ ಹುಯ್ಯೋದು ಯಾವಾಗ?" ಅಂತ ಕೇಳಿ, ಕಾಫಿ ಕುಡಿದು, ಚೌಕಟ್ಟು ತಟ್ಟಿ ಹೋದರು. ಮೂಡಗಾಳಿ ಬೀಸಿದಾಗ ಸಂದಿನಲ್ಲಿ ಸಿಳ್ಳೆ ಬರುತ್ತಿತ್ತು. "ಏಳ್ರೋ, ಸೈರನ್ ಆಯ್ತು" ಅಂತ ಮಕ್ಕಳನ್ನು ಎಬ್ಬಿಸುತ್ತಿದ್ದರು. ಮನೆಯಲ್ಲಿ ಜಗಳವಾದರೂ, ಹಾಲು ಉಕ್ಕಿದರೂ, ಜ್ಞಾನೇಶ್ ಪಿಯುಸಿಯಲ್ಲಿ ಲೆಕ್ಕಕ್ಕೆ ಫೇಲಾದಾಗಲೂ ಅದೇ ಮಾತು. ಆರಲಿ ಬಿಡು.

ಹೋದ ವರ್ಷ ಶಿವರಾತ್ರಿ ಕಳೆದು ಒಂದು ಬೆಳಗ್ಗೆ ಹಲ್ಲುಜ್ಜಿ ಬಂದು ಎದೆ ಹಿಡಿದುಕೊಂಡು ಕೂತರು. ಗೇಟಿಗೆ ಆಟೋ ಬರುವಷ್ಟರಲ್ಲಿ ಮುಗಿದುಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಜನ ಬಂದರು. ಬಂದವರೆಲ್ಲ ದೇವರಂಥ ಮನುಷ್ಯ ಅಂದರು. ಎಷ್ಟು ಶಾಂತ, ಎಷ್ಟು ಗಂಭೀರ ಅಂದರು. ಫೋಟೋಗೆ ಹಾರ ಬಿತ್ತು. ಫೋಟೋದಲ್ಲಿ ಅವರು ನಗುತ್ತಲೂ ಇರಲಿಲ್ಲ. ಜಗದಾಂಬಾ ಆ ಫೋಟೋ ನೋಡುತ್ತಿದ್ದಳು. ಅವಳಿಗೆ ಅಳು ಬರಲಿಲ್ಲ. ಇವರು ಹೇಳುವ ಮನುಷ್ಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ದಿನಾ ಸ್ವಲ್ಪ ಸ್ವಲ್ಪ ಕಾಣೆಯಾಗುತ್ತಿದ್ದರು. ಅವರು ಉಪ್ಪಿನ ಡಬ್ಬ ಇಡುವ ಸದ್ದು ಹೇಗಿತ್ತು ಅಂತ ಒಂದು ದಿನ ನೆನಪಿಗೆ ಬರಲಿಲ್ಲ. ಅವತ್ತು ಅಡಿಗೆಮನೆಯಲ್ಲಿ ತಾನೇ ಡಬ್ಬ ಎತ್ತಿ ಎತ್ತಿ ಇಟ್ಟು ನೋಡಿದಳು. ಬಾಗಿಲ ಸಂದು ಮಾತ್ರ ಹಾಗೇ ಇತ್ತು. ಮಧ್ಯಾಹ್ನದ ಬಿಸಿಲು ಅಲ್ಲಿಂದ ಇಳಿದು ನೆಲದ ಮೇಲೆ ಒಂದು ಗೆರೆ ಎಳೆಯುತ್ತಿತ್ತು.

ಆ ವಾರ ಅವಳು ಬರೆಯಲು ಕೂತಳು. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಬರೆದಳು. ಸೊಸೆ ತನುಜಾ ಹತ್ತಿರ ಬಂದಳು.

"ಅತ್ತೆ, ನೀವು ಹೇಳ್ತಾ ಹೋಗಿ. ನಾನು ಮೊಬೈಲಲ್ಲಿ ಟೈಪ್ ಮಾಡ್ತೀನಿ."

"ಬೇಡ. ನೀನು ಟೈಪ್ ಮಾಡಿದ್ರೆ ಚೆಂದ ಮಾಡ್ತೀಯ. ನನಗೆ ಚೆಂದ ಬೇಡ."

ರವಿಕೆ ಕತ್ತರಿಸಿದಷ್ಟು ಸಲೀಸಾಗಿ ಪೆನ್ನು ಓಡಲಿಲ್ಲ. ಅಕ್ಷರ ಮೇಲೆ ಕೆಳಗೆ ಹೋಯಿತು. ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಧನಲಕ್ಷ್ಮಿ ಕಾಂಪೌಂಡಿನ ಆಚೆಯಿಂದ ಇಣುಕಿ, "ಎನ್ನಕ್ಕಾ, ಐಎಎಸ್ ಪರೀಕ್ಷೆನಾ?" ಅಂದಳು.

"ಹೂಂ. ಪಾಸಾದ್ರೆ ನಿನ್ನ ಬೀದಿಗೆ ನೀರು ಬಿಡಿಸ್ತೀನಿ."

"ಮೊದ್ಲು ಮಗನ್ನ ಪಾಸ್ ಮಾಡ್ಸಕ್ಕಾ" ಅಂದಳು ಧನಲಕ್ಷ್ಮಿ.

ಅದೇ ಕಷ್ಟವಾಗಿತ್ತು. ಜ್ಞಾನೇಶ್ ಊಟಕ್ಕೆ ಕೂತಾಗ ಹೂಂ, ಉಹೂಂ ಅಷ್ಟೇ. ಅವನೂ ಅಪ್ಪನನ್ನು ಕಳೆದುಕೊಂಡವನು ಅಂತ ಜಗದಾಂಬಾಗೆ ಗೊತ್ತಿತ್ತು. ಆದರೂ ಹಾಳೆ ಎತ್ತಿಡಲಿಲ್ಲ.

ಶನಿವಾರ ಅವಳು ಮಾರ್ಕೆಟ್ಟಿಗೆ ಹೋಗಿ ಬಂದಾಗ ಮನೆಯಿಂದ ಸುತ್ತಿಗೆ ಸದ್ದು ಬರುತ್ತಿತ್ತು. ಮುಂಬಾಗಿಲಿಗೆ ಒಬ್ಬ ಬಡಗಿ ಏಣಿ ಹಾಕಿಕೊಂಡಿದ್ದ. ಮೇಲಿನ ಸಂದಿಗೆ ಮರದ ಪಟ್ಟಿ ಇಟ್ಟು ಮೊಳೆ ಹೊಡೆಯುತ್ತಿದ್ದ. ಆಗಲೇ ಅರ್ಧ ಮುಚ್ಚಿತ್ತು. ಕೆಳಗೆ ಏಣಿ ಹಿಡಿದು ನಿಂತವನು ಜ್ಞಾನೇಶ್.

ಜಗದಾಂಬಾ ತರಕಾರಿ ಚೀಲ ಕೆಳಗಿಟ್ಟಳು.

"ಇಳಿಯಪ್ಪ" ಅಂದಳು ಬಡಗಿಗೆ.

ಬಡಗಿ ಜ್ಞಾನೇಶನ ಮುಖ ನೋಡಿದ.

"ಅವನ ಮುಖ ಏನು ನೋಡ್ತೀಯ? ಮನೆ ನನ್ನ ಹೆಸರಲ್ಲಿದೆ. ಹೊಡೆದ ಮೊಳೆ ಕಿತ್ತು ಇಳಿ."

"ಅಮ್ಮ, ನಾಳೆ ಅಷ್ಟು ಜನ ಬರ್ತಾರೆ. ಬಾಗಿಲು ನೋಡಿ ನಗ್ತಾರೆ."

"ನಗಲಿ. ನಿಮ್ಮಪ್ಪನೇ ಮೊದಲು ನಕ್ಕಿದ್ದು."

"ಅಪ್ಪನ ಕೈ ಅಂಥದ್ದಲ್ಲ ಅಂತ ನನಗೆ ಗೊತ್ತು ಕಣಮ್ಮ." ಜ್ಞಾನೇಶ್ ಚೌಕಟ್ಟಿನ ಮೇಲೆ ಕೈಯಿಟ್ಟ. "ಒಂದು ಸಲ ತಪ್ಪಿತು ಅಂತ ಅದನ್ನೇ ಊರ ಮುಂದೆ ಇಡಬೇಕಾ?"

ಜಗದಾಂಬಾ ಒಳಗೆ ಹೋದಳು. ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದು ಸ್ಕೇಲು ತಂದಳು. ಗಂಡ ಹೋದ ಮೇಲೆ ಅದು ಅವಳ ಟೇಪಿನ ಜೊತೆಗೇ ಇತ್ತು. ಕಾರ್ಖಾನೆಯ ಕಟ್ಟುಪಾಡು ಇಲ್ಲಿ ಯಾರು ಕೇಳಬೇಕು?

"ಹಿಡಿ. ಚೌಕಟ್ಟು ಅಳೆದು ನೋಡು."

"ಏನು ಅಳೆಯೋದು? ದೊಡ್ಡದಿದೆ ಅಂತ ಗೊತ್ತಲ್ಲ."

"ಟೇಪಲ್ಲಿ ಅಳೆದ್ರೆ ದೊಡ್ಡದು. ಇದರಲ್ಲಿ ಅಳಿ."

ಬಡಗಿ ಮೊಳೆ ಕೀಳದೆ ಹಾಗೇ ಏಣಿ ಇಳಿದ. ಜ್ಞಾನೇಶ್ ಮನಸ್ಸಿಲ್ಲದ ಮನಸ್ಸಿನಿಂದ ಬಗ್ಗಿದ. ಹೊಸ್ತಿಲಿಗೆ ಸ್ಕೇಲಿನ ತುದಿ ಕೊಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿದ. ಅಲ್ಲಿಂದ ಮೇಲೆ, ಮತ್ತೆ ಮೇಲೆ. ಕೊನೆಗೆ ಏಣಿ ಹತ್ತಿದ. ನವಧಾನ್ಯದ ಗಂಟು ಪಕ್ಕಕ್ಕೆ ಸರಿಸಿ ನೋಡಿದ. ಸ್ಕೇಲು ತೆಗೆದು ಇನ್ನೊಂದು ಸಲ ಹಿಡಿದ.

"ಎಷ್ಟಿದೆ?" ಕೆಳಗಿನಿಂದ ಜಗದಾಂಬಾ ಕೇಳಿದಳು.

"ಆರೂವರೆ."

"ಮೇಲೆ ಕೆಳಗೆ ಏನಾದರೂ?"

"ಇಲ್ಲ. ಗೆರೆ ಮೇಲೆ ಗೆರೆ ಕೂತಿದೆ." ಅಗಲಕ್ಕೂ ಹಿಡಿದ. ಎಡಗಡೆ, ಬಲಗಡೆ, ಮೂಲೆ. ಎಲ್ಲೂ ಕದಲಲಿಲ್ಲ.

ಬಡಗಿ ಏಣಿ ಹತ್ತಿರ ಬಂದು ಕತ್ತೆತ್ತಿ ನೋಡಿ, "ಕೈ ಅಂದ್ರೆ ಕೈ ಕಣ್ರೀ" ಅಂದ.

"ನೀನು ಹೇಳೋದೂ ನಿಜ, ನಾನು ಹೇಳೋದೂ ನಿಜ" ಅಂದಳು ಜಗದಾಂಬಾ. "ಆದರೆ ನಿನ್ನದು ಅರ್ಧ. ಕೈ ಬರೆದೆ, ನಗು ಬಿಟ್ಟೆ. ಪಟ್ಟಿ ಹೊಡೆದ್ರೆ ಇದು ಎಲ್ಲರ ಮನೆ ಬಾಗಿಲ ಹಾಗೆ ಒಂದು ಬಾಗಿಲು. ನನ್ನ ಗಂಡ ಮಾಡಿದ್ದು ಅಂತ ಹೇಳೋಕೆ ಏನು ಉಳಿಯುತ್ತೆ ಹೇಳು?"

ಜ್ಞಾನೇಶ್ ಏಣಿಯ ಮೇಲೇ ನಿಂತಿದ್ದ. ಆಮೇಲೆ ಕೈ ಚಾಚಿದ. ಬಡಗಿ ಇಕ್ಕಳ ಕೊಟ್ಟ. ಮೊಳೆ ಅವನೇ ಕಿತ್ತ. ನಾಳೆ ಯಾರ ಕಥೆ ಓದುವುದು ಅನ್ನುವುದನ್ನು ಇಬ್ಬರೂ ಎತ್ತಲಿಲ್ಲ. ಜಗದಾಂಬಾ ಬಡಗಿಗೆ ಕೂಲಿ ಕೊಟ್ಟು, ಕಾಫಿ ಕೊಟ್ಟು ಕಳಿಸಿದಳು.

ಭಾನುವಾರ ಬೆಳಗ್ಗೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಜನ ಬಂದಿಳಿದರು. ಭದ್ರಾವತಿಯವರೂ ಸೇರಿಕೊಂಡರು. ಹಳೇ ಸೇತುವೆ ಕಡೆಯಿಂದ ನಡೆದು, ಒಂದು ಹೋಟೆಲಿನ ಕಥೆ, ಒಂದು ಸೈಕಲ್ ಶಾಪಿನ ಕಥೆ ಕೇಳಿಕೊಂಡು ಇವರ ಬೀದಿಗೆ ಬಂದರು. ಗೇಟಿನ ಮುಂದೆ ಜನ ತುಂಬಿತು. ಧನಲಕ್ಷ್ಮಿ ರೇಷ್ಮೆ ಸೀರೆ ಉಟ್ಟು ತನ್ನದೇ ಮನೆ ಅನ್ನುವ ಹಾಗೆ ಎಲ್ಲರಿಗೂ ಮಜ್ಜಿಗೆ ಹಂಚಿದಳು. ಜ್ಞಾನೇಶ್ ತನ್ನ ಆಫೀಸಿನವರಿಂದ ದೂರ, ಕಾಂಪೌಂಡಿನ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ.

ಶ್ರೀಗೌರಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಯಾವುದು ಅಮ್ಮ?"

ಜಗದಾಂಬಾ ಮಗನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ನನ್ನದು" ಅಂದಳು.

ಹೊಸ್ತಿಲ ಪಕ್ಕ ನಿಂತು ಕದ ಮುಂದಕ್ಕೆ ಎಳೆದು ಮುಚ್ಚಿದಳು, ಸಂದು ಎಲ್ಲರಿಗೂ ಕಾಣಲಿ ಅಂತ. ಕ್ಯಾಲೆಂಡರಿನ ಹಾಳೆ ಬಿಚ್ಚಿದಳು. ಓದಿದಳು.

"ನನ್ನ ಗಂಡನ ಹೆಸರು ವಿಜಯಕುಮಾರ್. ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದರು. ತುಂಬಾ ಮಾತಾಡುತ್ತಿದ್ದರು. ಈ ಚೌಕಟ್ಟು ಅವರು ಮಾಡಿದ್ದು. ಇದು ತಪ್ಪು. ಕಾರ್ಖಾನೆ ಸ್ಕೇಲಿನಲ್ಲಿ ಮನೆಗೆ ಅಳತೆ ಹಿಡಿದರು. ಹೊಸಬರಿಗೆ ಅವರೇ ಹೀಗೆ ಮಾಡಬೇಡಿ ಅಂತ ಹೇಳಿಕೊಡುತ್ತಿದ್ದರು. ತಪ್ಪು ಅಂತ ಗೊತ್ತಾದಾಗ ಇಲ್ಲೇ ಇಟ್ಟಿಗೆ ಮೇಲೆ ಕೂತು ನಕ್ಕರು. ಮುಚ್ಚಿಡಲಿಲ್ಲ. ತಾವೇ ಎಲ್ಲರನ್ನೂ ಕರೆದು ತೋರಿಸಿದರು."

ಗುಂಪಿನಲ್ಲಿ ನಗು ಎದ್ದಿತು. ಒಳ್ಳೆಯ ನಗು. ಶಿವಮೊಗ್ಗದ ನಿವೃತ್ತ ಮೇಷ್ಟ್ರು ನರಸಿಂಹಮೂರ್ತಿ ಮುಂದೆ ಬಂದು, ಕನ್ನಡಕ ಏರಿಸಿ ಮೇಲಿನ ಸಂದು ನೋಡಿದರು.

"ಅಲ್ಲಮ್ಮ, ಒಂದು ಪಟ್ಟಿ ಹೊಡೆಸಿದ್ರೆ ಆಗ್ತಿತ್ತಲ್ಲ? ಇಷ್ಟು ವರ್ಷ ಹೀಗೇ ಬಿಟ್ಟಿದ್ದೀರಾ?"

ಜಗದಾಂಬಾ ಬಾಯಿ ತೆರೆಯುವ ಮೊದಲೇ ಕಾಂಪೌಂಡಿನ ಮೂಲೆಯಿಂದ ದನಿ ಬಂತು.

"ಆರಲಿ ಬಿಡಿ ಸಾರ್. ಆರಿದ್ಮೇಲೆ ಸರಿಹೋಗುತ್ತೆ."

ಜ್ಞಾನೇಶ್. ಅಪ್ಪನದೇ ಎಳೆತ, ಅದೇ ಉಡಾಫೆ. ಮಾತು ಮುಗಿಸಿ ಅವನು ಕತ್ತು ಆಚೆ ತಿರುಗಿಸಿಕೊಂಡ.

ಜಗದಾಂಬಾ ಹಾಳೆ ನೋಡಿದಳು. ಅಕ್ಷರ ಒಂದರೊಳಗೊಂದು ಕಲೆಸಿಹೋಯಿತು. ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ಮತ್ತೆ ನೀರು ಬಂತು, ಮತ್ತೆ ಒತ್ತಿಕೊಂಡಳು. ಶ್ರೀಗೌರಿ ಹತ್ತಿರ ಬಂದು, "ನಾನು ಓದಲಾ ಅಮ್ಮ?" ಅಂದಳು.

"ಬೇಡ" ಅಂದಳು ಜಗದಾಂಬಾ. ಮಗನ ಕಡೆ ತಿರುಗಿದಳು. "ನೀನು ಮಧ್ಯ ಬಾಯಿ ಹಾಕಬೇಡ. ಆ ಮಾತು ಮುಂದೆ ಬರುತ್ತೆ. ನಾನು ಬರೆದಿದ್ದೀನಿ."

ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಿಟ್ಟ ಸಾಲು ಹುಡುಕಿದಳು. ಸಿಕ್ಕಿತು. ಗಂಟಲು ಸರಿಮಾಡಿಕೊಂಡು ಅಲ್ಲಿಂದಲೇ ಮುಂದೆ ಓದಿದಳು.